ದಾರ ಕಟ್ಟಿದ ಬನ್ನಿ

ಆ ಊರಿನಲ್ಲಿ ಹೊಸಬರು ಎದುರಾದರೆ ಮೊದಲು ಕೇಳುವುದು ಹೆಸರಲ್ಲ, ಊರಲ್ಲ. "ನೀವು ಏನು ಓದುತ್ತಿದ್ದೀರಿ?" ಅಂತ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಿದ್ದರು. ಬಟ್ಟೆ ಒಗೆಯುವ ಮಷಿನ್ನಿನ ಮುಂದೆ ಕಾಯುವಾಗ ಚೀನಾದ ಅಜ್ಜನೊಬ್ಬ ಎರಡೂ ಅಂಗೈಯನ್ನು ಪುಸ್ತಕದ ಹಾಗೆ ತೆರೆದು ತೋರಿಸಿ ಕೇಳುತ್ತಿದ್ದ. ನಾನು ಏಳನೇತ್ತೆಗೆ ಶಾಲೆ ಬಿಟ್ಟವನು. ಬಿಟ್ಟವನು, ನಾಪಾಸಾದವನಲ್ಲ. ಧಾರವಾಡದಲ್ಲಿ ಈ ಮಾತನ್ನು ಒತ್ತಿ ಹೇಳುತ್ತಿದ್ದೆ. ಸ್ಯಾನ್ ಡಿಯಾಗೋದಲ್ಲೂ ಹೇಳಬೇಕೆನಿಸುತ್ತಿತ್ತು, ಆದರೆ ಅಷ್ಟು ಇಂಗ್ಲಿಷು ನನ್ನ ಹತ್ತಿರ ಇರಲಿಲ್ಲ. "ವೈಫ್" ಅಂದು ಲ್ಯಾಬಿನ ಕಟ್ಟಡದ ಕಡೆ ಕೈ ತೋರಿಸಿಬಿಡುತ್ತಿದ್ದೆ. ಅವರು ನಗುತ್ತಿದ್ದರು. ಆ ನಗೆಯಲ್ಲಿ ಕುಹಕ ಇರಲಿಲ್ಲ ಅನ್ನುವುದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಹೆಂಡತಿ ನನ್ನ ಸೋದರಮಾವನ ಮಗಳು. ಅಪ್ಪ ತೀರಿಕೊಂಡ ವರ್ಷ ನಾನು ಪಾಟೀಚೀಲ ಗೂಟಕ್ಕೆ ಹಾಕಿ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸಕ್ಕೆ ನಿಂತೆ. ಆಕೆ ಓದುತ್ತಲೇ ಇದ್ದಳು. ನಮ್ಮ ಲಗ್ನದಾಗ ಮಾವ ಕೇಳಿದ್ದು ಒಂದೇ ಮಾತು: "ಆಕಿ ಓದೂದು ನಿಲ್ಲಸಬ್ಯಾಡಪಾ." ನಿಲ್ಲಿಸಲಿಲ್ಲ. ನನ್ನದೇ ಒಂದು ನರ್ಸರಿ ಹಾಕಿದೆ. ಮೊದಲು ಸೈಕಲ್ಲಿನ ಮೇಲೆ, ಆಮೇಲೆ ಮೊಪೆಡ್ಡಿನ ಮೇಲೆ ಆಕೆಯನ್ನು ದಿನಾ ಕಾಲೇಜಿನ ಗೇಟಿಗೆ ಬಿಟ್ಟು ಬಂದೆ. ಗಿಡಗಳ ಮೇಲೆಯೇ ಡಾಕ್ಟರೇಟು ಮಾಡಿದಳು. 2003ರಲ್ಲಿ ಸ್ಯಾನ್ ಡಿಯಾಗೋದ ವಿಶ್ವವಿದ್ಯಾಲಯದಿಂದ ಸಂಶೋಧನೆಗೆ ಕರೆ ಬಂತು. "ನೀವು ಬರೂದಿಲ್ಲಂದ್ರ ನಾನೂ ಹೋಗೂದಿಲ್ಲ" ಅಂದಳು. ನರ್ಸರಿಯನ್ನು ತಮ್ಮನ ಕೈಗೆ ಕೊಟ್ಟು ನಾನು ಹೆಂಡತಿಯ ವೀಸಾದ ಬಾಲ ಹಿಡಿದು ವಿಮಾನ ಹತ್ತಿದೆ.

ಲಾಸ್ ಏಂಜಲೀಸಿನಲ್ಲಿ ಇಳಿದ ದಿನ ನಮ್ಮನ್ನು ಕರೆದೊಯ್ದವರು ವಿಮಾನ ನಿಲ್ದಾಣದ ಪಕ್ಕದ ಎಲ್ ಸೆಗುಂಡೋದಲ್ಲಿದ್ದ ಹೆಂಡತಿಯ ಗೆಳತಿ. ಗೆಳತಿಯ ಅತ್ತೆ ವಿಜಾಪುರ ಕಡೆಯವರು, ಮಗನ ಮನೆಯಲ್ಲೇ ಇದ್ದರು. ಎಲ್ಲರೂ ಅವರಿಗೆ ಆಯಿ ಅನ್ನುತ್ತಿದ್ದರು. ತಾಟಿನಲ್ಲಿ ಕಟಕರೊಟ್ಟಿ, ಶೇಂಗಾಚಟ್ನಿ, ಮೊಸರು ಇಟ್ಟು, "ತಿನ್ನಪಾ, ಅಮೆರಿಕಾ ಎಲ್ಲೂ ಓಡಿ ಹೋಗೂದಿಲ್ಲ" ಅಂದರು. ಮೇಲೆ ವಿಮಾನ ಹಾದಾಗ ತಾಟು ಗಡಗಡ ಅನ್ನುತ್ತಿತ್ತು. ಆ ಊಟದ ಋಣ ನನ್ನ ಮೇಲೆ ಇನ್ನೂ ಇದೆ.

ಮರುದಿನ ಎರಡು ತಾಸು ದಕ್ಷಿಣಕ್ಕೆ ಬಂದು ಸೇರಿದ ಜಾಗ ಸಮುದ್ರದ ಮೇಲಿನ ಗುಡ್ಡ. ಸ್ಯಾನ್ ಡಿಯಾಗೋ ದೊಡ್ಡ ಶಹರು ನಿಜ, ಆದರೆ ನಾವಿದ್ದ ಕಡೆ ವಿಶ್ವವಿದ್ಯಾಲಯವೇ ಊರು. ಅಂಗಡಿ, ಬಸ್ಸು, ಬಾಡಿಗೆ ಮನೆ ಎಲ್ಲಾ ಅದರ ಸುತ್ತ, ಗುಡಿಯ ಸುತ್ತ ಪೇಟೆ ಬೆಳೆದ ಹಾಗೆ. ನಮ್ಮಲ್ಲಿ ಮುಂಗಾರಿ, ಹಿಂಗಾರಿ ಅಂತ ಎರಡು ಹಂಗಾಮು. ಅಲ್ಲಿ ಓದಿನ ಹಂಗಾಮು ಮೂರು, ಹತ್ತು ಹತ್ತು ವಾರದ್ದು. ಸೆಪ್ಟೆಂಬರಿನ ಕೊನೆಗೆ ಕಾರಿನ ನೆತ್ತಿಯ ಮೇಲೆ ಹಾಸಿಗೆ ಕಟ್ಟಿಕೊಂಡು ಮಕ್ಕಳನ್ನು ಬಿಡಲು ತಾಯಿ ತಂದೆ ಬರುತ್ತಿದ್ದರು. ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದಳು, ತಂದೆ ಸುಮ್ಮನೆ ಟೈರು ನೋಡುತ್ತಿದ್ದ. ಹತ್ತನೇ ವಾರ ಬಂತೆಂದರೆ ಊರಿಗೆ ಊರೇ ಪರೀಕ್ಷೆಗೆ ಕೂತು ಗಪ್ಪಾಗುತ್ತಿತ್ತು. ಜೂನಿನಲ್ಲಿ ಬೆಳಗಿನ ಮಂಜು ಹನ್ನೊಂದರ ತನಕ ಕರಗುತ್ತಿರಲಿಲ್ಲ, ಆ ಮಂಜಿನೊಳಗೆ ಫುಟ್‌ಪಾತಿನ ಗುಂಟ ಸೋಫಾ, ಟೇಬಲ್ಲು, ಕುರ್ಚಿಗಳನ್ನು ಬಿಟ್ಟು ಹುಡುಗರು ಹೊರಟು ಹೋಗುತ್ತಿದ್ದರು. ದೊಡ್ಡ ಪ್ರೊಫೆಸರು ತೊಯ್ದ ತಲೆಯಲ್ಲಿ, ಕಂಕುಳಲ್ಲಿ ಸಮುದ್ರದ ಅಲೆಯ ಮೇಲೆ ಜಾರುವ ಹಲಗೆ ಇರುಕಿಕೊಂಡು ನಡೆದು ಬರುತ್ತಿದ್ದ, ಹುಲ್ಲು ಕೊಯ್ಯುವ ನನಗೂ "ಗುಡ್ ಮಾರ್ನಿಂಗ್" ಅನ್ನುತ್ತಿದ್ದ. ನಮ್ಮ ಕಡೆ ಪ್ರೊಫೆಸರ ಮನೆಗೆ ಸಸಿ ಕೊಡಲು ಹೋದರೆ ಹಿತ್ತಲ ಬಾಗಿಲಿಂದ ಹೋಗಬೇಕಿತ್ತು.

ಹೌದು, ಹುಲ್ಲು. ಕೆಲಸದ ಪರವಾನಗಿ ಬರುವ ತನಕ ನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದೆ. ಕೂತು ಉಂಡರೆ ನನಗೆ ಅನ್ನ ಇಳಿಯುವುದಿಲ್ಲ. ಪರವಾನಗಿ ಬಂದ ವಾರವೇ ಕ್ಯಾಂಪಸ್ಸಿನ ಗಿಡ, ಹುಲ್ಲು ನೋಡಿಕೊಳ್ಳುವ ಮಂದಿಯೊಳಗೆ ಸೇರಿದೆ. ನನ್ನ ಜೊತೆಗಾರ ಅರವತ್ತು ದಾಟಿದ ಒಬ್ಬ ಮೆಕ್ಸಿಕೋದವನು. ಅವನನ್ನು ಎಲ್ಲರೂ ದೊನ್ ಅಂತ ಕರೆಯುತ್ತಿದ್ದರು, ನಮ್ಮಲ್ಲಿ ಹಿರಿಯರಿಗೆ ಗೌಡ್ರ ಅಂದಂತೆ. ಹೀಗಾಗಿ ಅಮೆರಿಕಾದಲ್ಲಿ ನಾನು ಮೊದಲು ಕಲಿತದ್ದು ಇಂಗ್ಲಿಷಲ್ಲ, ಸ್ಪ್ಯಾನಿಶ್. ಮಧ್ಯಾಹ್ನ ನನ್ನ ರೊಟ್ಟಿ ಅವನಿಗೆ, ಅವನ ರೊಟ್ಟಿ ನನಗೆ. "ನಿನ್ನ ಹೆಂಡತಿ ಡಾಕ್ಟರ್, ನೀನು ಬೆಳಗ್ಗೆ ಎದ್ದು ರೊಟ್ಟಿ ಬಡೀತೀಯ" ಅಂತ ಅವನು ಕಾಡಿಸುತ್ತಿದ್ದ. "ನಿನ್ನ ಹೆಂಡತಿ ಡಾಕ್ಟರ್ ಅಲ್ಲ, ಆದರೂ ನಿನ್ನ ಬುತ್ತಿ ನೀನೇ ಕಟ್ಟಿಕೊಂಡು ಬರ್ತೀಯಲ್ಲ" ಅಂತ ನಾನು ಅನ್ನುತ್ತಿದ್ದೆ.

ಹಬ್ಬಕ್ಕೆ ನಮ್ಮ ಕನ್ನಡದವರೆಲ್ಲ ಸೇರುತ್ತಿದ್ದುದು ರಾಂಚೊ ಬರ್ನಾರ್ಡೊ ಬಡಾವಣೆಯ ಒಂದು ಹಾಲ್‌ನಲ್ಲಿ. ಸೇರಿಸುತ್ತಿದ್ದವರು ಬಾಗಲಕೋಟೆ ಕಡೆಯ ಹಿರಿಯ ಇಂಜಿನಿಯರರು. ಹುಡುಗರಿಗೆ ಅವರು ಅಂಕಲ್, ನನಗೆ ಕಾಕಾ. ಅಲ್ಲಿ ಗಂಡಸರು ದುಂಡಗೆ ನಿಂತು ಸೊರೆಂಟೊ ವ್ಯಾಲಿಯ ಆಫೀಸು, ಗ್ರೀನ್ ಕಾರ್ಡು, ಹದಿನೈದನೇ ಹೆದ್ದಾರಿಯ ಟ್ರಾಫಿಕ್ಕು ಅಂತ ಮಾತಾಡುತ್ತಿದ್ದರು. ನಾನು ಗೋಡೆಗೆ ಆತು ಕಾಗದದ ತಾಟು ಹಿಡಿದು ನಿಲ್ಲುತ್ತಿದ್ದೆ. ಮೊದಲ ವರ್ಷ ಒಬ್ಬರು ಕೇಳಿದರು:

"ಎಲ್ಲಿ ಕೆಲಸ ಸಾರ್?"

"ಯುನಿವರ್ಸಿಟ್ಯಾಗ."

"ಓ, ಯಾವ ಡಿಪಾರ್ಟ್‌ಮೆಂಟು?"

"ಹುಲ್ಲು ಕೊಯ್ಯೂ ಡಿಪಾರ್ಟ್‌ಮೆಂಟು."

ಅವರು ನಕ್ಕರು, ಚಲೋ ಮನುಷ್ಯನೇ. ಆದರೆ ಮುಂದೆ ಏನು ಕೇಳಬೇಕೋ ತಿಳಿಯದೆ ಪಲ್ಯ ಹಾಕಿಕೊಳ್ಳಲು ಹೋದರು.

ಅದೇ ದಸರೆಯಲ್ಲಿ ಬನ್ನಿ ಕೊಡುವಾಗ ನನ್ನ ಕೈಗೆ ಬಂದದ್ದು ಬಂಗಾರದ ಬಣ್ಣದ ಕಾಗದ, ಎಲೆಯ ಆಕಾರಕ್ಕೆ ಕತ್ತರಿಸಿದ್ದು. ನಮ್ಮ ಕಡೆ ವಿಜಯದಶಮಿಯ ದಿನ ಬನ್ನಿಗಿಡಕ್ಕೆ ಪೂಜೆ ಮಾಡಿ, ಎಲೆ ತಂದು, ಹಿರಿಯರ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅನ್ನುತ್ತೇವೆ. ವರ್ಷಪೂರ್ತಿ ಮಾತು ಬಿಟ್ಟವರೂ ಆ ದಿನ ಬಾಯಿ ಬಿಡುತ್ತಾರೆ. ಅಂಥ ಎಲೆಯನ್ನು ಕಾಗದದಲ್ಲಿ ಮಾಡುವುದೇ? ಇಪ್ಪತ್ತು ವರ್ಷ ಸಸಿ ಬೆಳೆಸಿದವನಿಗೆ ತಡೆಯಲಾಗಲಿಲ್ಲ. "ಕಾಕಾ, ಬರೂ ವರ್ಷ ಖರೇ ಬನ್ನಿ ನಾ ತರ್ತೀನಿ" ಅಂದುಬಿಟ್ಟೆ. ದುಂಡಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ಅಷ್ಟು ದೊಡ್ಡ ಮಾತು ಆಡಲು ಕಾರಣವಿತ್ತು. ಕ್ಯಾಂಪಸ್ಸಿನ ಪೂರ್ವದ ತುದಿಯಲ್ಲಿ, ಕಾರು ನಿಲ್ಲಿಸುವ ಬಯಲಿನ ಆಚೆ, ಒಂದಿಷ್ಟು ಮುಳ್ಳಿನ ಗಿಡ ಕಂಡಿದ್ದೆ. ಎಲೆ ನೋಡಿದರೆ ನಮ್ಮ ಬಳ್ಳಾರಿ ಜಾಲಿ. ದೊನ್ ಅದಕ್ಕೆ ಮೆಸ್ಕೀತೆ ಅನ್ನುತ್ತಿದ್ದ. ಹೆಂಡತಿಯನ್ನು ಮೊದಲೇ ಕೇಳಿದ್ದೆ.

"ಬಳ್ಳಾರಿ ಜಾಲಿ, ಬನ್ನಿ, ಈ ಗಿಡ, ಮೂರೂ ಒಂದ ಕುಲದ್ದು" ಅಂದಳು. "ಯಾಕ?"

"ಸುಮ್ನ" ಅಂದೆ. ಒಂದೇ ಕುಲವೆಂದರೆ ಬನ್ನಿಯೇ ಆಯಿತಲ್ಲ.

ಮರುವರ್ಷದ ದಸರೆ ನಮ್ಮವರು ಆಚರಿಸಿದ್ದು ಶನಿವಾರ. ಹೆಂಡತಿಗೆ ಲ್ಯಾಬಿನಲ್ಲಿ ಕೆಲಸವಿತ್ತು, ತಡವಾಗಿ ನೇರ ಹಾಲ್‌ಗೆ ಬರುತ್ತೇನೆ ಅಂದಳು. ನಾನು ಬೆಳಗ್ಗೆ ಸ್ನಾನ ಮಾಡಿ, ಅರಿಷಿಣ ಕುಂಕುಮದ ಪೊಟ್ಟಣ, ಗಿಡದ ಕತ್ತರಿ ತಗೊಂಡು ಹೊರಟೆ. ಹೋಗಿ ನೋಡುತ್ತೇನೆ, ಮೂರು ಗಿಡಗಳ ಟೊಂಗಿಗೆ ದಾರ ಕಟ್ಟಿದೆ! ಕೆಂಪು ದಾರ, ಹಳದಿ ದಾರ, ಗಂಟು ಹಾಕಿ ಹಾಕಿ ಕಟ್ಟಿದ್ದು. ಎದೆ ತುಂಬಿ ಬಂತು. ಯಾರೋ ನಮ್ಮವರೇ, ನನಗಿಂತ ಮೊದಲೇ ಬನ್ನಿಯನ್ನು ಗುರುತಿಸಿ ಹರಕೆ ಕಟ್ಟಿದ್ದಾರೆ ಅಂದುಕೊಂಡೆ. ಚಪ್ಪಲಿ ಬಿಟ್ಟೆ. ಸುತ್ತ ಹಗ್ಗ ಹಾಕಿತ್ತು, ಅದೂ ಮಡಿಗೆ ಹಾಕಿದ್ದೇ ಅನ್ನಿಸಿತು, ದಾಟಿದೆ. ಒಂದು ಸಣ್ಣ ಬೋರ್ಡೂ ಇತ್ತು. ಓದಿದ್ದರೂ ತಿಳಿಯುತ್ತಿರಲಿಲ್ಲ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಓದಲು ನಾನು ನಿಲ್ಲಲೇ ಇಲ್ಲ.

ಕುಂಕುಮ ಹಚ್ಚಿ, ಮೂರು ಸುತ್ತು ಬಂದು, ದಾರವಿಲ್ಲದ ಟೊಂಗಿಗಳಿಂದ ಬುಟ್ಟಿ ತುಂಬ ಎಲೆ ಕೊಯ್ದೆ. ದಾರ ಕಟ್ಟಿದವು ಪೂಜೆಗೊಂಡ ಟೊಂಗಿಗಳಲ್ಲವೇ, ಹಿರಿಯರಿಗೆ ಇರಲಿ ಅಂತ ಒಂಬತ್ತನ್ನು ದಾರ ಸಮೇತ ಬೇರೆ ಕತ್ತರಿಸಿಕೊಂಡೆ.

ಆ ಸಂಜೆ ಹಾಲ್‌ನಲ್ಲಿ ನಾನು ಗೋಡೆಗೆ ಆತು ನಿಲ್ಲಲಿಲ್ಲ. ಖರೇ ಬನ್ನಿ ಅಂದಕೂಡಲೇ ಎಲ್ಲರೂ ಮುಗಿಬಿದ್ದರು. ಕಾಕಾ ಕಣ್ಣಿಗೆ ಒತ್ತಿಕೊಂಡು, "ಇಪ್ಪತ್ತೆರಡು ವರ್ಷ ಆತು ನೋಡಪಾ, ಕೈಯಾಗ ಹಸಿ ಬನ್ನಿ ಹಿಡದು" ಅಂದರು. ಎಲ್ ಸೆಗುಂಡೋದಿಂದ ಬಂದಿದ್ದ ಆಯಿಗೂ ದಾರದ ಟೊಂಗಿಯೊಂದನ್ನು ಕೊಟ್ಟು ಕಾಲು ಮುಟ್ಟಿದೆ. ಹೆಂಡತಿ ಬರುವ ಹೊತ್ತಿಗೆ ಬುಟ್ಟಿ ಖಾಲಿ, ನಾನು ದುಂಡನೆಯ ಗುಂಪಿನ ನಟ್ಟನಡುವೆ ನಿಂತು ಮಾತಾಡುತ್ತಿದ್ದೆ.

ಸೋಮವಾರ ಕೆಲಸಕ್ಕೆ ಹೋದರೆ ಆ ಗಿಡಗಳ ಹತ್ತಿರ ಒಬ್ಬ ಹುಡುಗಿ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ನೋಟುಬುಕ್ಕು. ಅಳುತ್ತಿರಲಿಲ್ಲ, ಆದರೆ ಅತ್ತು ಮುಗಿಸಿದ ಮುಖ. ನಮ್ಮ ಮೇಲ್ವಿಚಾರಕ ದೊನ್‌ನನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದ. ಆ ಭಾಗ ದೊನ್‌ನ ಪಾಳಿಯದು. ಹಗ್ಗದೊಳಗಿನ ಗಿಡ ಮುಟ್ಟಬಾರದೆಂದು ಅವನಿಗೆ ಹೇಳಿದ್ದರಂತೆ. ದೊನ್ ಇಲ್ಲ ಇಲ್ಲ ಅಂತ ತಲೆ ಅಲ್ಲಾಡಿಸುತ್ತಿದ್ದ. ಮೇಲ್ವಿಚಾರಕ ನಂಬಿದಂತೆ ಕಾಣಲಿಲ್ಲ.

ಹತ್ತು ಹೆಜ್ಜೆ ದೂರದಲ್ಲಿ ನಾನು ಹುಲ್ಲಿನ ಮಷಿನ್ನು ಹಿಡಿದು ನಿಂತಿದ್ದೆ. ಮಷಿನ್ನು ಚಾಲೂ ಮಾಡಿದ್ದರೆ ಯಾವ ಮಾತೂ ಕೇಳಿಸುತ್ತಿರಲಿಲ್ಲ. ಕೆಲಸ ಹೋದರೆ ಮತ್ತೆ ನಾಲ್ಕು ಗೋಡೆ, ಹೆಂಡತಿಯ ಹೆಸರಿಗೂ ಮಸಿ. ಇಷ್ಟೂ ಹೊಳೆಯಿತು. ಆದರೆ ದೊನ್ ನನ್ನ ರೊಟ್ಟಿ ತಿಂದವನು, ನಾನು ಅವನ ರೊಟ್ಟಿ ತಿಂದವನು. ಮುಂದೆ ಹೋಗಿ ಎದೆ ಮುಟ್ಟಿಕೊಂಡು, "ನಾನು. ಶನಿವಾರ. ನಾನು" ಅಂದೆ.

ಉಳಿದದ್ದನ್ನು ಹೇಳಲು ಹೆಂಡತಿಗೆ ಫೋನು ಮಾಡಬೇಕಾಯಿತು. ಬಿಳಿ ಕೋಟಿನಲ್ಲೇ ಓಡಿ ಬಂದಳು. ಗಿಡಕ್ಕೆ ಮೆತ್ತಿದ ಕುಂಕುಮ, ಹುಡುಗಿಯ ಮುಖ, ನನ್ನ ಮುಖ, ಮೂರನ್ನೂ ನೋಡಿದಳು.

"ಏನ್ರೀ, ದಾರ ಕಾಣಲಿಲ್ಲೇನು ನಿಮಗ?"

"ಕಂಡಿದ್ದಕ್ಕ ಕೊಯ್ದೆ. ಯಾರೋ ಹರಕಿ ಕಟ್ಯಾರ ಅಂದ್ಕೊಂಡೆ."

ಆಕೆ ಹಣೆಗೆ ಕೈ ಇಟ್ಟುಕೊಂಡಳು. "ದಾರ ಕಟ್ಟಿದ್ರ ನಮ್ಮ ಕಡೆ ದೇವರು. ಇಲ್ಲೆ ದಾರ ಕಟ್ಟಿದ್ರ ಅದು ಪಿಎಚ್.ಡಿ."

ಹುಡುಗಿ ಆಯೊವಾ ಕಡೆಯ ರೈತರ ಮಗಳು. ಎಷ್ಟು ಕಡಿಮೆ ನೀರಿನಲ್ಲಿ ಈ ಗಿಡ ಬದುಕುತ್ತದೆ ಅಂತ ಎರಡು ವರ್ಷದಿಂದ ನೋಡುತ್ತಿದ್ದಳು. ಈ ವರ್ಷ ಕಟ್ಟಿದ ದಾರದ ಬಣ್ಣವೆಂದರೆ ಕೊಟ್ಟ ನೀರಿನ ಲೆಕ್ಕ, ಗಂಟೆಂದರೆ ಟೊಂಗಿಯ ನಂಬರು. ಡಿಸೆಂಬರಿನಲ್ಲಿ ಆ ಟೊಂಗಿಗಳನ್ನು ತಾನೇ ಕತ್ತರಿಸಿ, ಒಣಗಿಸಿ, ಎಲೆ ಎಣಿಸಿ ತೂಗಬೇಕಿತ್ತು. ಈಗ ಒಂಬತ್ತು ಹೋದವು. ಅವಿಲ್ಲದೆ ಹಿಂದಿನದೂ ನಿಲ್ಲುವುದಿಲ್ಲ, ಮತ್ತೆ ಮೊದಲಿಂದ ಶುರು ಮಾಡಬೇಕು. ಹೆಂಡತಿ ಇದನ್ನು ಕನ್ನಡದಲ್ಲಿ ಹೇಳುವಾಗ ನನಗೆ ನೆನಪಾದದ್ದು ಗೂಟಕ್ಕೆ ಹಾಕಿದ ಪಾಟೀಚೀಲ. ಓದು ನಡುವೆ ನಿಂತರೆ ಹೇಗಿರುತ್ತದೆ ಅನ್ನುವುದು ಅಲ್ಲಿ ನಿಂತವರಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

ಹುಡುಗಿ ಕೇಳಿದಳು, "ಆ ಟೊಂಗಿಗಳನ್ನು ಎಸೆದಿದ್ದು ಎಲ್ಲಿ?"

ನನಗೆ ಅಷ್ಟು ಇಂಗ್ಲಿಷು ತಿಳಿಯಿತು. "ಎಸೆಯೂದ?" ಅಂದೆ ಹೆಂಡತಿಗೆ. "ಬನ್ನಿ ಯಾರರ ಎಸಿತಾರೇನು? ಮುಂದಿನ ದಸರಿ ತನಕ ದೇವರ ಜಗಲಿ ಮ್ಯಾಲ ಇರ್ತಾವು. ಒಂಬತ್ತೂ ಮನಿ ನನಗ ಗೊತ್ತು. ದಾರ ಸೈತ ಬಿಚ್ಚಿರೂದಿಲ್ಲ. ಆಕಿಗೆ ಹೇಳು, ತಂದು ಕೊಡ್ತೀನಿ ಅಂತ."

ಹೆಂಡತಿ ಹೇಳಿದಳು. ಹುಡುಗಿ ನನ್ನನ್ನೇ ನೋಡಿದಳು. ಒಂದು ಎಲೆಯೂ ಉದುರದಂತೆ ತಂದರೆ ಲೆಕ್ಕ ಹಿಡಿಯಬಹುದು, ಎರಡು ತಿಂಗಳು ಮೊದಲೇ ಕತ್ತರಿಸಿದ್ದು ಅಂತ ಬರೆದುಕೊಳ್ಳಬಹುದು ಅಂದಳು.

ಕೊಟ್ಟ ಬನ್ನಿಯನ್ನು ವಾಪಸ್ ಕೇಳುವುದು! ಯಾರ ಹಂಗೂ ಬೇಡವೆಂದು ಬದುಕಿದವನು ಒಂಬತ್ತು ಬಾಗಿಲಿಗೆ ಕೈಯೊಡ್ಡಬೇಕು. ದೊನ್‌ಗೆ ಸಂಕಟ ಹೇಳಿಕೊಂಡೆ. "ಬರಿಗೈಯಲ್ಲಿ ಯಾಕೆ ಹೋಗ್ತೀಯ?" ಅಂದ. ಮರುದಿನ ಒಂದು ಗೋಣಿಚೀಲದ ತುಂಬ ಮೆಸ್ಕೀತೆ ತಂದು ಸುರಿದ. ಅವನ ತಮ್ಮನ ಹಿತ್ತಲಿನಲ್ಲಿ ಕಸದ ಹಾಗೆ ಬೆಳೆದಿದೆಯಂತೆ. "ಮೊದಲೇ ನನ್ನನ್ನು ಕೇಳಿದ್ದರೆ ಒಂದು ಗಾಡಿ ಕೊಡ್ತಿದ್ದೆ, ಕತ್ತೆ" ಅಂದ. ಆ ಬೈಗುಳ ನನಗೆ ಆಶೀರ್ವಾದದ ಹಾಗೆ ಕೇಳಿಸಿತು.

ಆ ವಾರ ದಿನಾ ಸಂಜೆ ಹೆಂಡತಿ ಡ್ರೈವ್ ಮಾಡಿದಳು, ನಾನು ತೊಡೆಯ ಮೇಲೆ ಶೂ ಡಬ್ಬಿಗಳನ್ನು ಇಟ್ಟುಕೊಂಡು ಕೂತೆ. ಕಾಕಾ ಬೆಳ್ಳಿಯ ಬಟ್ಟಲಿನಿಂದ ತೆಗೆದು ಕೊಟ್ಟರು. ಒಂದು ಮನೆಯಲ್ಲಿ ತಾಜಾ ಇರಲಿ ಅಂತ ಫ್ರಿಜ್ಜಿನಲ್ಲಿ ಕೊತ್ತಂಬರಿಯ ಪಕ್ಕ ಇಟ್ಟಿದ್ದರು. ಇನ್ನೊಂದು ಮನೆಯಲ್ಲಿ ಮಗಳು ಅದನ್ನು ಶಾಲೆಗೆ ತೋರಿಸಲು ಒಯ್ದು ರಟ್ಟಿಗೆ ಗೋಂದಿನಿಂದ ಅಂಟಿಸಿದ್ದಳು. ರಟ್ಟು ಸಮೇತ ತಗೊಂಡೆ. ಎಲ್ಲ ಕಡೆಯೂ ನಡೆದದ್ದನ್ನು ಇದ್ದ ಹಾಗೆ ಹೇಳಿದೆ: ನಾನು ಹುಲ್ಲು ಕೊಯ್ಯುವವನು, ಬೋರ್ಡು ಓದಲಿಲ್ಲ, ಒಂದು ಹುಡುಗಿಯ ಓದು ನಿಂತುಬಿಡುತ್ತದೆ. ಅಂದು ಪಲ್ಯ ಹಾಕಿಕೊಳ್ಳಲು ಹೋಗಿದ್ದವರ ಮನೆಯೂ ಅದರಲ್ಲಿತ್ತು. ಅವರು ಟಾರ್ಚು ಹಿಡಿದು ದೇವರ ಜಗಲಿಯ ಕೆಳಗೆ ಬಗ್ಗಿ, ಉದುರಿದ್ದ ಎರಡು ಸಣ್ಣ ಎಲೆಗಳನ್ನೂ ಹುಡುಕಿ ಕವರಿನಲ್ಲಿ ಹಾಕಿ ಕೊಟ್ಟರು. "ಇವು ಲೆಕ್ಕಕ್ಕೆ ಬೇಕಲ್ವಾ ಸಾರ್?" ಅಂದರು.

ಕೊನೆಯದು ಎಲ್ ಸೆಗುಂಡೋ, ಭಾನುವಾರ. ಆಯಿ ಸೀರೆಗಳ ನಡುವಿನಿಂದ ಕುಂಕುಮದ ಡಬ್ಬಿ ತೆಗೆದರು, ಆದರೆ ಕೈಗೆ ಕೊಡಲಿಲ್ಲ.

"ಎಂಬತ್ತರ ಹತ್ರ ಬಂದೀನಿ, ಕೊಟ್ಟ ಬನ್ನಿ ತಿರುಗಿ ಕೇಳಾಕ ಬಂದವನ ಇವತ್ತ ನೋಡಿದೆ."

"ತಪ್ಪಾತು ಆಯಿ."

"ತಪ್ಪಾತು ಅಂದ್ರ ಬನ್ನಿ ಕೊಡು ಮೊದಲ. ಬರೇ ಇಸ್ಕೊಂಡು ಹೋಗ್ತೀ ಏನು?"

ದೊನ್ ತಂದುಕೊಟ್ಟ ಟೊಂಗಿಯನ್ನು ಅವರ ಅಂಗೈಯಲ್ಲಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂದೆ. ಅವರು ದಾರದ ಟೊಂಗಿಯನ್ನು ನನ್ನ ಕೈಗಿಟ್ಟು ಅದೇ ಮಾತು ಅಂದರು. ಆಮೇಲೆ, "ಆ ಹುಡುಗಿಗೂ ಹೇಳು, ಚಲೋತ್ನಾಗಿ ಓದು ಅಂತ. ಈಗ ಕೂಡು, ರೊಟ್ಟಿ ತಿನ್ನು."

ಸೋಮವಾರ ಒಂಬತ್ತೂ ಡಬ್ಬಿ ಹುಡುಗಿಯ ಮೇಜಿನ ಮೇಲಿಟ್ಟೆ. ಒಂದೊಂದೇ ತೆಗೆದು ದಾರದ ಬಣ್ಣ, ಗಂಟು ನೋಡಿ ನೋಟುಬುಕ್ಕಿನಲ್ಲಿ ಗುರುತು ಹಾಕಿದಳು. ಎಂಟು ಮುಗಿದು ಗೋಂದು ಮೆತ್ತಿದ ರಟ್ಟು ಬಂದಾಗ ಮೊದಲ ಸಲ ನಕ್ಕಳು. "ಗೋಂದಿನ ತೂಕ ಕಳೆಯಬೇಕು" ಅಂದಳು. ಮೇಲ್ವಿಚಾರಕ ನನಗೆ ಬರವಣಿಗೆಯಲ್ಲಿ ಎಚ್ಚರಿಕೆ ಕೊಟ್ಟ. ಅದು ಸರಿಯೇ. ಕೆಲಸ ಉಳಿದದ್ದು ಆ ಹುಡುಗಿ ಅವನಿಗೆ ಹೇಳಿದ್ದರಿಂದ, "ಇವರು ತಾವಾಗಿಯೇ ಒಪ್ಪಿಕೊಂಡರು" ಅಂತ. ದೊನ್‌ನ ಹತ್ತಿರ ಮೇಲ್ವಿಚಾರಕ ನನ್ನ ಕಣ್ಣೆದುರೇ ಕ್ಷಮೆ ಕೇಳಿದ.

ಚಳಿಗಾಲದ ಶನಿವಾರಗಳಲ್ಲಿ ಹುಡುಗಿಯ ಜೊತೆ ಎಲೆ ಎಣಿಸಲು ಕೂತೆ. ಅವಳು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ. ಲೆಕ್ಕ ಮಾತ್ರ ಒಂದೇ ಬರುತ್ತಿತ್ತು. ಅವಳ ಊರೂ ಕಾಲೇಜಿನದೇ ಊರಂತೆ. ಸುತ್ತ ಮೈಲಿಗಟ್ಟಲೆ ಮೆಕ್ಕೆಜೋಳ, ನಡುವೆ ಕಾಲೇಜು, ಬೇಸಿಗೆಗೆ ಹುಡುಗರು ಹೋದರೆ ಊರೇ ಬಿಕೋ. ಅವಳ ಅಪ್ಪ ಆ ಕಾಲೇಜಿನ ಎದುರೇ ಹೊಲ ಉಳುತ್ತಾ ಒಂದು ದಿನವೂ ಅದರೊಳಗೆ ಕಾಲಿಟ್ಟಿಲ್ಲವಂತೆ. "ಯಾಕೆ?" ಅಂದೆ. "ಏನು ಓದಿದ್ದೀರಿ ಅಂತ ಕೇಳುತ್ತಾರಲ್ಲ" ಅಂದಳು. ನಾನು ಎಣಿಕೆ ತಪ್ಪಿ ಮೊದಲಿಂದ ಶುರು ಮಾಡಿದೆ.

ಮುಂದಿನ ದಸರೆಗೆ ಮುಂಚೆ ಹಳೆಯ ಬೋರ್ಡು ಕಿತ್ತು ದೊಡ್ಡ ಹಲಗೆ ತಂದಳು. ಇಂಗ್ಲಿಷಿನಲ್ಲಿ ತಾನು ಬರೆದಳು. ಸ್ಪ್ಯಾನಿಶ್ ದೊನ್ ಹೇಳಿಕೊಟ್ಟ. ಆಮೇಲೆ ಬಣ್ಣದ ಕುಂಚ ನನ್ನ ಕೈಗೆ ಕೊಟ್ಟು, "ನಿಮ್ಮ ಭಾಷೆಯಲ್ಲಿ" ಅಂದಳು. ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಸಸಿಯ ಹೆಸರಿನ ಚೀಟಿ. ಮಂಡಿಯೂರಿ, ಕನ್ನಡ ಶಾಲೆಯ ಮಾಸ್ತರು ತಿದ್ದಿಸಿದಂತೆ ದುಂಡಗೆ ಎರಡು ಸಾಲು ಬರೆದೆ.

ಹುಡುಗಿ ನೋಡಿ ಕೇಳಿದಳು, "ನಮ್ಮದು ಒಂದೇ ಸಾಲು. ನಿಮ್ಮದು ಎರಡು ಯಾಕೆ?"

ನಾನು ಜೊತೆಗೆ ಬಂದಿದ್ದ ಹೆಂಡತಿಯ ಕಡೆ ನೋಡಿದೆ. ಆಕೆ ನಗು ತಡೆದುಕೊಂಡು ನಾನು ಬರೆದದ್ದನ್ನು ಓದಿ, ಆಮೇಲೆ ಇಂಗ್ಲಿಷಿನಲ್ಲೂ ಹೇಳಿದಳು: "ದಾರ ಕಟ್ಟಿದ ಟೊಂಗಿ ಮುಟ್ಟಬ್ಯಾಡ್ರಿ. ತುದಿಯ ಗಿಡದ್ದು ದಸರಿಗೆ ತಗೋರಿ."

ಹುಡುಗಿ ತುದಿಯ ಗಿಡ ನೋಡಿದಳು, ಅದಕ್ಕೆ ದಾರ ಇರಲಿಲ್ಲ. ಸ್ವಲ್ಪ ಯೋಚಿಸಿ ಕುಂಚ ತಗೊಂಡು ಇಂಗ್ಲಿಷಿನಲ್ಲಿ ತಾನೂ ಎರಡನೆಯ ಸಾಲು ಬರೆದಳು. ನಾವು 2008ರಲ್ಲಿ ಧಾರವಾಡಕ್ಕೆ ಮರಳುವಾಗಲೂ ಆ ಹಲಗೆ ಅಲ್ಲೇ ಇತ್ತು. ಬಿಸಿಲಿಗೆ ಬಣ್ಣ ಮಾಸಿತ್ತು, ಆದರೆ ನನ್ನ ಅಕ್ಷರವನ್ನು ಇನ್ನೂ ಓದಬಹುದಿತ್ತು.